ಸೂಲಂಗಿಯಿಂದ ಹೊಲದವರೆಗೆ: ಕಬ್ಬಿನ ತಳಿಯ ದೀರ್ಘ ಪಯಣ

ಕಬ್ಬನ್ನು ಬೆಳೆಯುವುದು ಸುಲಭ, ಹೊಸ ತಳಿಯನ್ನು ಹುಟ್ಟಿಸುವುದು ಕಷ್ಟ. ಕಣ್ಣಿರುವ ತುಂಡು ನೆಟ್ಟರೆ ತಾಯಿಯ ಪಡಿಯಚ್ಚಿನಂಥ ಗಿಡವೇ ಮೇಲೇಳುತ್ತದೆ. ಹೊಸ ಗುಣ ಬೇಕೆಂದರೆ ಹೂವಿನ ಮೊರೆ ಹೋಗಬೇಕು. ಕಬ್ಬಿನ ಹೂಗೊಂಚಲಾದ ಸೂಲಂಗಿಯಲ್ಲಿ ಮೊಳೆಯಬಲ್ಲ ಬೀಜವಿದೆ ಎಂಬುದು ಜಾವಾ ಮತ್ತು ಬಾರ್ಬಡೋಸ್‌ಗಳಲ್ಲಿ ಖಚಿತವಾದದ್ದೇ 1880ರ ದಶಕದ ಕೊನೆಗೆ.

ಭಾರತದಲ್ಲಿ ಈ ಕೆಲಸಕ್ಕೆ 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂವರ್ಧನಾ ಕೇಂದ್ರ ಆರಂಭವಾಯಿತು. ತಳಿ ಬೇಕಾಗಿದ್ದದ್ದು ಉತ್ತರ ಭಾರತಕ್ಕೆ. ಆದರೆ ಕಬ್ಬು ಚೆನ್ನಾಗಿ ಹೂಬಿಟ್ಟು ಬೀಜ ಕಟ್ಟುತ್ತಿದ್ದದ್ದು ದಕ್ಷಿಣದಲ್ಲಿ. ಅಲ್ಲಿ ವಿಜ್ಞಾನಿಗಳಾದ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಇಟ್ಟ ಹೆಜ್ಜೆ ಅಂದಿನ ಮಟ್ಟಿಗೆ ವಿಚಿತ್ರವೇ. ದಪ್ಪ, ರಸಭರಿತ ‘ವೆಳ್ಳೈ’ ಕಬ್ಬನ್ನು ಅವರು ಸ್ಯಾಕರಮ್ ಸ್ಪಾಂಟೇನಿಯಮ್ ಎಂಬ ಕಾಡು ಹುಲ್ಲಿನೊಂದಿಗೆ ಸಂಕರಗೊಳಿಸಿದರು. ಹುಲ್ಲಿನಲ್ಲಿ ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಚಳಿ, ಬರ, ರೋಗಗಳನ್ನು ತಾಳುವ ಗಟ್ಟಿತನ ಅದಕ್ಕಿತ್ತು. ಹಾಗೆ ಹುಟ್ಟಿದ ಕೊ 205 ತಳಿ 1918ರಲ್ಲಿ ಪಂಜಾಬಿನ ಹೊಲಗಳಿಗೆ ಬಂತು. ಜಾವಾದಲ್ಲೂ ಇದೇ ಜಾಡಿನಲ್ಲಿ, ಸಂಕರದ ಸಂತತಿಯನ್ನು ಮತ್ತೆ ಮತ್ತೆ ಸಿಹಿ ಕಬ್ಬಿನೊಂದಿಗೆ ಕೂಡಿಸಿ ಪಿಒಜೆ 2878 ಎಂಬ ಹೆಸರಾಂತ ತಳಿ ರೂಪುಗೊಂಡಿತು. ಇಂದು ಜಗತ್ತಿನಲ್ಲಿ ಬೆಳೆಯುವ ಕಬ್ಬಿನ ತಳಿಗಳೆಲ್ಲ ಹೆಚ್ಚುಕಡಿಮೆ ಇಂಥ ಸಂಕರಗಳೇ. ಕೊಯಮತ್ತೂರಿನಲ್ಲಿ ಕೆಲಸ ಮಾಡಿದ ಇ.ಕೆ. ಜಾನಕಿ ಅಮ್ಮಾಳ್ ಕಬ್ಬನ್ನು ಮುಸುಕಿನ ಜೋಳದೊಂದಿಗೂ ಸಂಕರಿಸಿ ನೋಡಿದವರು.

ಸಂಕರದ ಕ್ರಮ ಕೇಳಲು ಸರಳ. ಪರಾಗ ಬಲಹೀನವಾಗಿರುವ ಸೂಲಂಗಿಯನ್ನು ಹೆಣ್ಣಾಗಿ ಆರಿಸಿ, ಗಂಡು ಸೂಲಂಗಿಯ ಪರಾಗವನ್ನು ಅದರ ಮೇಲೆ ಉದುರಿಸಿ, ಬೇರೆ ಪರಾಗ ತಾಗದಂತೆ ಬಟ್ಟೆಯ ಗವಸು ಹಾಕುತ್ತಾರೆ. ಎರಡೂ ಒಂದೇ ಹೊತ್ತಿಗೆ ಅರಳಬೇಕೆಂಬುದೇ ದೊಡ್ಡ ತೊಡಕು. ಹಗಲಿನ ಉದ್ದ ತುಸು ವ್ಯತ್ಯಾಸವಾದರೂ ಹೂಬಿಡುವುದು ಏರುಪೇರಾಗುತ್ತದೆ. ಬೀಜದಿಂದೆದ್ದ ಸಸಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಸಾವಿರಾರು ಸಸಿಗಳಲ್ಲಿ ಬೆರಳೆಣಿಕೆಯಷ್ಟು ಉಳಿಯುವವರೆಗೆ ಸಕ್ಕರೆ ಅಂಶ, ಇಳುವರಿ, ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ) ಬೆಳೆಯ ಸಾಮರ್ಥ್ಯ, ರೋಗ ನಿರೋಧಕ ಗುಣಗಳ ಪರೀಕ್ಷೆ ನಡೆಯುತ್ತದೆ. ಹಲವು ಊರುಗಳ ಪ್ರಯೋಗ ಮುಗಿದು ತಳಿ ಬಿಡುಗಡೆಯಾಗಲು ಸಾಮಾನ್ಯವಾಗಿ 12ರಿಂದ 15 ವರ್ಷ ಬೇಕು. ರೈತರು ‘ಎಂಬತ್ತಾರು ಸೊನ್ನೆ ಮೂವತ್ತೆರಡು’ ಎನ್ನುವ ಕೊ 86032ರ ಹೆಸರಿನಲ್ಲಿರುವ 86, ಅದು ಆಯ್ಕೆಯಾದ 1986ನೇ ಇಸವಿ, ಬಿಡುಗಡೆಯಾದದ್ದು 2000ದಲ್ಲಿ.

ಕರ್ನಾಟಕದಲ್ಲಿ ಮಂಡ್ಯದ ವಿ.ಸಿ. ಫಾರಂ ಮತ್ತು ಬೆಳಗಾವಿ ಜಿಲ್ಲೆಯ ಸಂಕೇಶ್ವರದಲ್ಲಿ ಈ ಕೆಲಸ ನಡೆದಿದೆ. ಮಂಡ್ಯದ ತಳಿಗಳಿಗೆ ವಿಸಿಎಫ್, ಸಂಕೇಶ್ವರದವಕ್ಕೆ ಎಸ್‌ಎನ್‌ಕೆ ಎಂಬ ಗುರುತು. ಕೃಷ್ಣಾ ತೀರದ ಕಪ್ಪು ಮಣ್ಣಿಗೆ ಹೊಂದುವ ಕಬ್ಬು ಕಾವೇರಿ ಬಯಲಿಗೂ ಹೊಂದಬೇಕೆಂದಿಲ್ಲವಾದ್ದರಿಂದ ಸ್ಥಳೀಯ ಆಯ್ಕೆ ಅನಿವಾರ್ಯ.

ಗೆದ್ದ ತಳಿಯೇ ಅಪಾಯ ತರುವುದೂ ಉಂಟು. 2009ರಲ್ಲಿ ಬಿಡುಗಡೆಯಾದ ಕೊ 0238 ಉತ್ತರ ಪ್ರದೇಶದ ಬಹುಪಾಲು ಕಬ್ಬಿನ ಪ್ರದೇಶವನ್ನು ಆವರಿಸಿ ಸಕ್ಕರೆ ಇಳುವರಿಯನ್ನು ಎತ್ತರಿಸಿತು. ಎಲ್ಲೆಡೆ ಒಂದೇ ತಳಿ ಇದ್ದಾಗ, ಅದಕ್ಕೆ ಒಗ್ಗಿಕೊಂಡ ಕೆಂಪು ಕೊಳೆ ರೋಗದ ಶಿಲೀಂಧ್ರಕ್ಕೂ ದಾರಿ ಸಲೀಸಾಯಿತು. ಕೆಲವೇ ವರ್ಷಗಳಲ್ಲಿ ಬದಲಿ ತಳಿ ಹುಡುಕುವ ಧಾವಂತ ಹುಟ್ಟಿತು.

ಆಯ್ಕೆಯ ಅವಧಿ ತಗ್ಗಿಸಲು ಈಗ ಡಿಎನ್‌ಎ ಗುರುತುಗಳ ನೆರವಿದೆ. ತುಕ್ಕು ರೋಗ ತಡೆಯುವ ಬಿಆರ್‌ಯು1 ಎಂಬ ಜೀನ್ ಭಾಗ ಸಸಿಯಲ್ಲಿದೆಯೇ ಎಂಬುದನ್ನು ಎಳೆಯ ಎಲೆಯಿಂದಲೇ ತಿಳಿಯಬಹುದು. ಆದರೆ ಕಬ್ಬಿನ ವಂಶವಾಹಿ ರಚನೆ ಬಲು ಗೋಜಲು: ಮನುಷ್ಯನಲ್ಲಿ 46 ಕ್ರೋಮೋಸೋಮ್‌ಗಳಿದ್ದರೆ ಕಬ್ಬಿನಲ್ಲಿ ಸುಮಾರು 100ರಿಂದ 130. ರೀಯೂನಿಯನ್ ದ್ವೀಪದ ಆರ್570 ತಳಿಯ ವಿವರವಾದ ಜೀನೋಮ್ ನಕ್ಷೆ ಪ್ರಕಟವಾದದ್ದು 2024ರಲ್ಲಿ, ಭತ್ತದ ನಕ್ಷೆ ಬಂದು ಸುಮಾರು ಎರಡು ದಶಕಗಳ ಬಳಿಕ. ಬ್ರೆಜಿಲ್ 2017ರಲ್ಲಿ ಕಾಂಡ ಕೊರಕವನ್ನು ತಡೆಯುವ ಬಿಟಿ ಕಬ್ಬಿಗೆ ಒಪ್ಪಿಗೆ ನೀಡಿದೆ. ಭಾರತದಲ್ಲಿ ಕುಲಾಂತರಿ ಕಬ್ಬಿನ ವಾಣಿಜ್ಯ ಬೇಸಾಯ ಇಲ್ಲ.

ತಳಿ ಬಿಡುಗಡೆಯಾದ ಮೇಲೂ ಕಾಯುವುದು ತಪ್ಪದು. ಬಿತ್ತನೆಗೆ ಕಬ್ಬನ್ನೇ ಕಡಿಯಬೇಕು, ಅದೂ ಎಕರೆಗೆ ಟನ್‌ಗಟ್ಟಲೆ. ಹೀಗಾಗಿ ಬಿತ್ತನೆ ನಿಧಾನವಾಗಿ ಹೆಚ್ಚುತ್ತದೆ, ತುಂಡಿನೊಂದಿಗೆ ರೋಗವೂ ಸಾಗುತ್ತದೆ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ರೋಗಮುಕ್ತ ಸಸಿಗಳು ಮತ್ತು ಒಂಟಿ ಕಣ್ಣಿನಿಂದ ಟ್ರೇಗಳಲ್ಲಿ ಎಬ್ಬಿಸಿದ ಸಸಿಗಳು ಈ ಎರಡೂ ತೊಂದರೆಗಳನ್ನು ತಗ್ಗಿಸುತ್ತವೆ. ಒಂಟಿ ಕಣ್ಣು ತೆಗೆದ ಮೇಲೆ ಉಳಿದ ಜಲ್ಲೆ ಆಲೆಮನೆಗೋ ಕಾರ್ಖಾನೆಗೋ ಹೋಗುತ್ತದೆ.