ಎಳೆಯರ ತಂಡದ ಮೊದಲ ವಾರಗಳು

ಉತ್ತರ ಅಮೆರಿಕದ ಐಸ್ ಹಾಕಿ ಪಂದ್ಯಾವಳಿಯಾದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಇಳಿದಿದ್ದ ಟೊರಾಂಟೊ ಮೇಪಲ್ ಲೀಫ್ಸ್ ತಂಡವು 2016ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಮೊದಲ ಆಯ್ಕೆಯ ಹಕ್ಕು ಪಡೆದು ಆಸ್ಟನ್ ಮ್ಯಾಥ್ಯೂಸ್ ಅವರನ್ನು ಸೇರಿಸಿಕೊಂಡಿತು. ಅಕ್ಟೋಬರ್ 12ರಂದು ಒಟ್ಟಾವಾದಲ್ಲಿ ತಮ್ಮ ಮೊದಲ ಪಂದ್ಯವಾಡಿದ 19ರ ಈ ತರುಣ, ಪಕ್ ಎಂಬ ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಎದುರಾಳಿಗಳ ಕೋಲುಗಳ ನಡುವಿನಿಂದ ಕಸಿದೊಯ್ದದ್ದೂ ಸೇರಿದಂತೆ ನಾಲ್ಕು ಗೋಲು ಹೊಡೆದರೂ ತಂಡವು ಹೆಚ್ಚುವರಿ ಅವಧಿಯಲ್ಲಿ 5-4ರಿಂದ ಸೋತಿತು; ವಾರದ ಬಳಿಕ ವಿನ್ನಿಪೆಗ್‌ನಲ್ಲಿ 4-0 ಮುನ್ನಡೆಯನ್ನು ಕೈಚೆಲ್ಲಿ ಮತ್ತೆ ಅದೇ ಅಂತರದಲ್ಲಿ ಮಣಿಯಿತು.

ದಾಳಿಯ ಚುರುಕು ಎಳೆಯರಿಗೆ ಬೇಗ ಒಲಿಯುತ್ತದೆಯಾದರೂ, ಪಕ್ ಕಳೆದುಕೊಂಡ ಕ್ಷಣವೇ ರಕ್ಷಣೆಗೆ ಹಿಂದಿರುಗುವ ಶಿಸ್ತು ಮತ್ತು ಮುನ್ನಡೆಯನ್ನು ಕಾಯ್ದುಕೊಳ್ಳುವ ತಾಳ್ಮೆ ಇಂಥ ಸೋಲುಗಳಿಂದಲೇ ಮೈಗೂಡುವಂಥವು. ಮ್ಯಾಥ್ಯೂಸ್ ಸತತ 13 ಪಂದ್ಯಗಳಲ್ಲಿ ಗೋಲಿಲ್ಲದೆ ಬಳಲಿದಾಗಲೂ ತರಬೇತುದಾರ ಮೈಕ್ ಬ್ಯಾಬ್‌ಕಾಕ್ ಅವರು ಮ್ಯಾಥ್ಯೂಸ್ ಅವರನ್ನೂ ಮಿಚ್ ಮಾರ್ನರ್, ವಿಲಿಯಂ ನೈಲ್ಯಾಂಡರ್ ಅವರಂಥ ಹೊಸಬರನ್ನೂ ಕಣಕ್ಕಿಳಿಸುತ್ತಲೇ ಹೋದದ್ದು ಮೆಚ್ಚತಕ್ಕ ನಿರ್ಧಾರ. ಋತು ಮುಗಿದಾಗ ಮ್ಯಾಥ್ಯೂಸ್ 40 ಗೋಲು ಗಳಿಸಿದ್ದರು. 95 ಅಂಕಗಳೊಂದಿಗೆ ಪ್ಲೇಆಫ್ ತಲುಪಿದ ತಂಡವು ಆರು ಪಂದ್ಯಗಳವರೆಗೆ ನಡೆದ ಸರಣಿಯಲ್ಲಿ ವಾಷಿಂಗ್ಟನ್ ತಂಡಕ್ಕೆ ಸೋತಿತಾದರೂ, ಆ ಪಂದ್ಯಗಳಲ್ಲಿ ಐದು ಹೆಚ್ಚುವರಿ ಅವಧಿಗೆ ಹೋಗಿದ್ದವು.