ಕಲ್ಲಿಗೆ ಲೇಸರ್ ಬಿಟ್ಟರೆ ಏನು ಗೊತ್ತಾಗುತ್ತೆ?

ಜಗಳೂರಿನವರಿಗೆ ಚಿತ್ರದುರ್ಗದ ಬಂಡೆಗಳು ಹೊಸದಲ್ಲ. 1997ರವರೆಗೆ ನಮ್ಮ ಜಿಲ್ಲಾಕೇಂದ್ರವೇ ಅದು. ಆ ಸೀಮೆಯ ‘ಚಿತ್ರದುರ್ಗ ಗ್ರಾನೈಟ್’ ವಯಸ್ಸು ಸುಮಾರು 260 ಕೋಟಿ ವರ್ಷ. ಇಂಥ ಕಲ್ಲಿನ ಜಾತಕ ಬಚ್ಚಿಟ್ಟುಕೊಂಡಿರೋದು ಜಿರ್ಕಾನ್ ಅನ್ನೋ ಪುಟಾಣಿ ಹರಳು.

ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತೆ, ಸೀಸವನ್ನ ಹತ್ತಿರಕ್ಕೂ ಬಿಟ್ಟುಕೊಳ್ಳಲ್ಲ. ಆಮೇಲೆ ಆ ಯುರೇನಿಯಮ್ಮೇ ನಿಧಾನಕ್ಕೆ ಸೀಸ ಆಗುತ್ತೆ. ಯುರೇನಿಯಂ-238 ಅರ್ಧಕ್ಕೆ ಇಳಿಯೋಕೆ ಸುಮಾರು 447 ಕೋಟಿ ವರ್ಷ ಬೇಕು! ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಕ್ಕಿತು.

ಅಳೆಯೋದು ಹೇಗೆ? ಒಂದು ದಾರಿ, 1985ರಲ್ಲಿ ಇಂಗ್ಲೆಂಡಿನ ಅಲನ್ ಗ್ರೇ ತೋರಿಸಿಕೊಟ್ಟದ್ದು. ಈಗಿನ ಯಂತ್ರಗಳಲ್ಲಿ ನೇರಳಾತೀತ ಲೇಸರ್ ಹರಳಿಗೆ ಬಡಿದು, ತಲೆಗೂದಲಿಗಿಂತ ಸಪೂರವಾದ ಗುಂಡಿ ತೋಡುತ್ತೆ. ಎದ್ದ ಧೂಳನ್ನ ಹೀಲಿಯಂ ಅನಿಲ ಹೊತ್ತೊಯ್ದು ಆರ್ಗಾನ್ ಪ್ಲಾಸ್ಮಾಕ್ಕೆ ಸುರಿಯುತ್ತೆ. ಅಲ್ಲಿ ಸಾವಿರಾರು ಡಿಗ್ರಿ ಬಿಸಿ! ಧೂಳೆಲ್ಲ ಅಯಾನುಗಳಾಗಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಕದ ಪ್ರಕಾರ ಬೇರೆಯಾಗಿ ಎಣಿಕೆಗೆ ಸಿಗುತ್ತೆ. ಕಲ್ಲನ್ನ ಆಸಿಡ್‌ನಲ್ಲಿ ಕರಗಿಸೋ ರಗಳೆಯೇ ಇಲ್ಲ.

ವಯಸ್ಸಷ್ಟೇ ಅಲ್ಲ, ಟನ್ನಿಗೆ ಒಂದು ಗ್ರಾಂ ಲೆಕ್ಕದಲ್ಲಿದ್ದರೂ ಎಷ್ಟೋ ಧಾತುಗಳು ಸಿಕ್ಕಿಬೀಳುತ್ತವೆ. ಪೈರೈಟ್ ಅನ್ನೋ ಖನಿಜದ ಒಳಗೆ ಕಣ್ಣಿಗೆ ಕಾಣದಂತೆ ಕೂತ ಚಿನ್ನವೂ ಅಷ್ಟೇ.

ಆದರೆ ತಾಳೆ ನೋಡೋಕೆ, ಯಾವ ಧಾತು ಎಷ್ಟಿದೆ ಅಂತ ಮೊದಲೇ ಗೊತ್ತಿರೋ ಗಾಜು ಅಥವಾ ಹರಳು ಜೊತೆಗಿರಲೇಬೇಕು. ಅದಿಲ್ಲದೆ ಯಂತ್ರ ಕೊಟ್ಟ ಅಂಕಿಗೆ ಬೆಲೆಯಿಲ್ಲ.

ಪಿಯುಸಿ ಸೈನ್ಸ್ ಓದ್ತಿರೋ ಜಗಳೂರಿನ ಹುಡುಗ ಹುಡುಗಿಯರೇ, ಡಾಕ್ಟರ್, ಎಂಜಿನಿಯರ್ ಜೊತೆ ಭೂವಿಜ್ಞಾನವನ್ನೂ ಒಮ್ಮೆ ಯೋಚಿಸಿ. ಮೈಸೂರು ವಿಶ್ವವಿದ್ಯಾಲಯದಲ್ಲೇ ಅದಕ್ಕೆ ವಿಭಾಗ ಇದೆ.