ಕಾಳು ಕಾಣದ ತಾಕಿನ ಲೆಕ್ಕ

ಹಿಂಗಾರಿ ಜೋಳದ ಎರಡು ತಳಿಗಳಲ್ಲಿ ಯಾವುದು ಹೆಚ್ಚು ಕೊಡುತ್ತದೆ? ಇಂಡಿ ಸೀಮೆಯಲ್ಲಿ ಇದಕ್ಕೆ ನಂಬುವಂಥ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಅಗರಖೇಡದಂಥ ಭೀಮಾ ದಂಡೆಯ ಊರುಗಳಲ್ಲಿ ಎರೆ ಆಳವಾಗಿರುತ್ತದೆ. ದಿಬ್ಬದ ಕಡೆ ಹೋದಂತೆಲ್ಲ ತೆಳುವಾಗಿ ಗರಸು ಹತ್ತುತ್ತದೆ. ಹೊಲದ ಒಂದು ಬದಿಗೆ ಮಾಲದಂಡಿ, ಇನ್ನೊಂದು ಬದಿಗೆ ಹೊಸ ತಳಿ ಬಿತ್ತಿದರೆ, ರಾಶಿಯಾದ ಮೇಲೆ ಗೆದ್ದದ್ದು ತಳಿಯೋ ಮಣ್ಣೋ ಹೇಳುವವರಿಲ್ಲ.

ಇದಕ್ಕೆ ದಾರಿ ತೋರಿಸಿದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್. ಹೊಲವನ್ನು ಸಣ್ಣ ತಾಕುಗಳಾಗಿ ಒಡೆದು, ಒಂದೇ ಬಗೆಯ ಮಣ್ಣಿನವನ್ನು ಗುಂಪು ಮಾಡಿ, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬೇಕು. ಆಮೇಲೆ ಇಳುವರಿಯ ಏರಿಳಿತದಲ್ಲಿ ಮಣ್ಣಿನ ಪಾಲೆಷ್ಟು, ತಳಿಯ ಪಾಲೆಷ್ಟು ಎಂದು ಬಿಡಿಸಬೇಕು. ಕಾಗದ ಪೆನ್ಸಿಲಿನಲ್ಲೇ ಮುಗಿಯುವ ಲೆಕ್ಕ ಅದು. ಆದರೆ ಎಲ್ಲ ತಾಕುಗಳೂ ಫಸಲು ಕೊಡಬೇಕು.

ನಮ್ಮ ಕಡೆ ಅದು ಎಲ್ಲಿ ಆದೀತು? 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ಹಗರಿಗಳಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದದ್ದೇ ಮಳೆಯನ್ನು ನಂಬಲಾಗದ ನಾಡು ಇದು ಎಂಬ ಕಾರಣಕ್ಕೆ. ತೇವ ಆರಿ ಒಂದು ತಾಕು ಒಣಗುತ್ತದೆ, ಇನ್ನೊಂದಕ್ಕೆ ದನ ನುಗ್ಗುತ್ತವೆ, ಮತ್ತೊಂದರ ತೆನೆ ಹಕ್ಕಿಗಳ ಪಾಲಾಗುತ್ತದೆ. ಒಂದು ತಾಕು ಹೋದರೆ ಅದರ ಜಾಗಕ್ಕೆ ಅಂದಾಜು ತುಂಬುವ ಸೂತ್ರವನ್ನು ಫ್ರಾಂಕ್ ಯೇಟ್ಸ್ 1933ರಲ್ಲಿ ವಿಸ್ತರಿಸಿ ಕೊಟ್ಟರು. ನಾಲ್ಕೈದು ಹೋದರೆ ಕೈಲೆಕ್ಕ ಸೋಲುತ್ತಿತ್ತು.

ಈ ಬಿಕ್ಕಟ್ಟು ಬಿಡಿಸಿದ ಕಡೆಯ ಹೆಜ್ಜೆ ನಡೆದದ್ದು ಅಮೆರಿಕದ ರಾಲಿಯಲ್ಲಿ. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗರ್ಟ್ರೂಡ್ ಕಾಕ್ಸ್ ಕಟ್ಟಿದ ಸಂಖ್ಯಾಶಾಸ್ತ್ರ ವಿಭಾಗವಿತ್ತು; ದಕ್ಷಿಣ ರಾಜ್ಯಗಳ ಕೃಷಿ ಕೇಂದ್ರಗಳ ಅಂಕಿಅಂಶ ಅಲ್ಲಿ ಬಂದು ಬೀಳುತ್ತಿತ್ತು. ಕಂಪ್ಯೂಟರ್ ಬಂದಿತ್ತು ನಿಜ, ಆದರೆ ಪ್ರಯೋಗದ ವಿನ್ಯಾಸ ಬದಲಾದರೆ ಪ್ರೋಗ್ರಾಮನ್ನೇ ಬದಲಿಸಬೇಕು. 1966ರಲ್ಲಿ ಆಂಟನಿ ಬಾರ್ ಎಂಬ ತರುಣ ಪ್ರಯೋಗವನ್ನು ಒಂದೆರಡು ಸಾಲಿನಲ್ಲಿ ಬಣ್ಣಿಸಿದರೆ ಯಂತ್ರವೇ ಲೆಕ್ಕ ಹೂಡುವ ಭಾಷೆಯನ್ನು ರೂಪಿಸತೊಡಗಿದರು. ಅದೇ ಸ್ಯಾಸ್. ಜೇಮ್ಸ್ ಗುಡ್‌ನೈಟ್ 1968ರಲ್ಲಿ ಅದಕ್ಕೆ ರಿಗ್ರೆಶನ್, ಅಂದರೆ ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ಲೆಕ್ಕ, ಸೇರಿಸಿದರು. 1972ರಲ್ಲಿ ಸರಕಾರದ ಅನುದಾನ ನಿಂತಾಗ ಕೃಷಿ ಕೇಂದ್ರಗಳೇ ವಂತಿಗೆ ಹಾಕಿ ಉಳಿಸಿಕೊಂಡವು. 1976ರಲ್ಲಿ ಬಾರ್, ಗುಡ್‌ನೈಟ್, ಜಾನ್ ಸಾಲ್, ಜೇನ್ ಹೆಲ್ವಿಗ್ ನಾಲ್ವರೂ ಕೂಡಿ ಕಂಪನಿ ಮಾಡಿದರು.

ನನಗೆ ಇಲ್ಲಿ ದೊಡ್ಡದೆನಿಸುವುದು ಕಂಪನಿಯಲ್ಲ, ಆ ವರ್ಷದ ಆವೃತ್ತಿಯೊಳಗಿನ ಜಿಎಲ್‌ಎಂ ಎಂಬ ವಿಧಾನ. ಫಿಶರರ ಲೆಕ್ಕವನ್ನು ಅದು ರಿಗ್ರೆಶನ್ನಿನ ಸಮೀಕರಣಗಳಾಗಿ ತಿರುಗಿಸುತ್ತದೆ: ತಾಕಿನಲ್ಲಿ ಆ ತಳಿ ಇದ್ದರೆ 1, ಇಲ್ಲದಿದ್ದರೆ 0. ಹೀಗೆ ಮಾಡಿದಾಗ ಹೋದ ತಾಕಿಗೆ ಸುಳ್ಳು ಅಂಕಿ ತುಂಬಬೇಕಿಲ್ಲ, ಇದ್ದಷ್ಟನ್ನೇ ಇಟ್ಟುಕೊಂಡು ಲೆಕ್ಕ ನಡೆಯುತ್ತದೆ. ತೊಡಕು ಬೇರೆ ಕಡೆ ಇದೆ. ಒಂದು ತಳಿ ಎಕರೆಗೆ 4 ಚೀಲ, ಇನ್ನೊಂದು 6 ಚೀಲ ಕೊಟ್ಟಿತೆನ್ನಿ. ಸರಾಸರಿ 5, ಒಂದಕ್ಕೆ ಒಂದು ಕಡಿಮೆ, ಇನ್ನೊಂದಕ್ಕೆ ಒಂದು ಹೆಚ್ಚು ಎನ್ನಬಹುದು. ಮೂಲ 4, ಎರಡನೆಯದಕ್ಕೆ ಎರಡು ಹೆಚ್ಚು ಎಂದರೂ ಸರಿ. ಸಮೀಕರಣಗಳಿಗೆ ಲೆಕ್ಕವಿಲ್ಲದಷ್ಟು ಉತ್ತರಗಳು. ಗಣಿತದ ಮಾತಿನಲ್ಲಿ, ಸಮೀಕರಣಗಳ ಅಂಕಿಗಳನ್ನು ಜೋಡಿಸಿಟ್ಟ ಮಾತೃಕೆಗೆ (ಮ್ಯಾಟ್ರಿಕ್ಸ್), ಒಂದೇ ಉತ್ತರ ಕೊಡಬೇಕಾದ ವಿಲೋಮವೇ (ಇನ್ವರ್ಸ್) ಇಲ್ಲ.

ಈ ಗಂಟು ಬಿಚ್ಚಿದವರಲ್ಲಿ ಮುಖ್ಯರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್. ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದಾಗ, 1955ರ ಒಂದು ಪ್ರಬಂಧದಲ್ಲಿ ಅವರು ಎತ್ತಿಕೊಂಡದ್ದು ಇದೇ ತೊಂದರೆಯನ್ನು: ಗುಂಪುಗಳಲ್ಲಿ ಅಂಕಿಗಳ ಸಂಖ್ಯೆ ಸಮನಾಗಿಲ್ಲದಾಗ ಏನು ಮಾಡಬೇಕು? 1962ರಲ್ಲಿ ಅವರು ಸಾಮಾನ್ಯೀಕೃತ ವಿಲೋಮದ ಸಿದ್ಧಾಂತ ಮಂಡಿಸಿದರು. ಅಂಥ ವಿಲೋಮಗಳು ಹಲವು, ಯಾವುದನ್ನು ಬಳಸಿದರೂ ಕೇಳಬೇಕಾದ ಪ್ರಶ್ನೆಗೆ ಉತ್ತರ ಒಂದೇ: ಎರಡು ತಳಿಗಳ ನಡುವಿನ ಅಂತರ 2 ಚೀಲ. ಗುಡ್‌ನೈಟ್ ಅಂಥದೊಂದು ವಿಲೋಮವನ್ನು ಆ ಕಾಲದ ಪುಟ್ಟ ಮೆಮೊರಿಯೊಳಗೇ ತೆಗೆಯಲು ಸ್ವೀಪ್ ಎಂಬ ಕ್ರಮವನ್ನು ಬಳಸಿದರು; 1979ರಲ್ಲಿ ಅದನ್ನು ವಿವರಿಸಿ ಲೇಖನವನ್ನೂ ಬರೆದರು. ಇಂದಿಗೂ ಜಿಎಲ್‌ಎಂ ಫಲಿತಾಂಶದ ಅಡಿಯಲ್ಲಿ, ಸಾಮಾನ್ಯೀಕೃತ ವಿಲೋಮ ಬಳಸಲಾಗಿದೆ ಎಂಬ ಟಿಪ್ಪಣಿ ಅಚ್ಚಾಗುತ್ತದೆ. ಹಡಗಲಿಯ ಹುಡುಗನ ಯೋಚನೆ ಆ ಒಂದು ಸಾಲಿನಲ್ಲಿದೆ ಎಂದು ಅದನ್ನು ಓದುವ ವಿದ್ಯಾರ್ಥಿಗಳಿಗೆ ಯಾರಾದರೂ ಹೇಳಬೇಕು.

2009ರಿಂದ ದೆಹಲಿಯ ಕೃಷಿ ಸಂಖ್ಯಾಶಾಸ್ತ್ರ ಸಂಸ್ಥೆಯ ಮುಂದಾಳತ್ವದ ಯೋಜನೆಯೊಂದು ಸ್ಯಾಸ್ ಅನ್ನು ದೇಶದ ಕೃಷಿ ವಿಶ್ವವಿದ್ಯಾಲಯಗಳಿಗೆ ತಲುಪಿಸಿತು. ಬೆಲೆ ಹೆಚ್ಚೆಂದು ಈಗ ಹಲವರು ಪುಕ್ಕಟೆ ಸಿಗುವ ಆರ್ ಎಂಬ ತಂತ್ರಾಂಶದ ಕಡೆ ಹೊರಳಿದ್ದಾರೆ. ಒಳಗಿನ ಗಣಿತ ಬಹುಪಾಲು ಅದೇ. ಜಿಎಲ್‌ಎಂನಲ್ಲಿ ನಾನು ಮೆಚ್ಚುವ ಗುಣ ಇನ್ನೊಂದಿದೆ. ಒಂದು ತಳಿಯನ್ನು ತಡವಾಗಿ ಬಿತ್ತಿದ ತಾಕುಗಳಷ್ಟೂ ಹೊಳೆ ಏರಿ ಕೊಚ್ಚಿಹೋದರೆ, ಆ ತಳಿಯ ಸರಾಸರಿ ಬರಬೇಕಾದ ಜಾಗದಲ್ಲಿ ಅದು ಅಂಕಿ ಕೊಡುವುದಿಲ್ಲ, ಅಂದಾಜಿಸಲಾಗದು ಎಂದು ಬರೆಯುತ್ತದೆ. ಆಗ ಮುಂದಿನ ಹಿಂಗಾರಿಗೆ ಮತ್ತೆ ಬಿತ್ತಬೇಕು.